ಅಕ್ಕನ ಬೀಸುವ ಪದ

ನಮ್ಮಪ್ಪ ನಮ್ಮಕ್ಕನ ಪದ ಕದ್ದ. ಆದದ್ದು ಇಷ್ಟೇ. ಅವ್ವ ಸಾಯುವತನಕ ಇದನ್ನು ಬೇರೆ ಬೇರೆ ಮಾತು ಹೇಳಿ ಮುಚ್ಚುತ್ತಿದ್ದಳು. ನನಗೆ ಅದು ಬರುವುದಿಲ್ಲ.

ಆಗ ನಾನು ಲಂಗ ಎತ್ತಿ ಸಿಕ್ಕಿಸಿಕೊಂಡು ಓಡಾಡುವ ಹುಡುಗಿ. ಅಫಜಲಪುರದ ಕಡೆಯ ನಮ್ಮ ಊರಿಗೆ ಇನ್ನೂ ಹಿಟ್ಟಿನ ಗಿರಣಿ ಬಂದಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅಕ್ಕ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದಳು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಹಚ್ಚುತ್ತಿದ್ದೆ. ಹಿಡಿ ಹಿಡಿ ಜೋಳ ಸುರಿಯುತ್ತಾ ಅಕ್ಕ ಪದ ಕಟ್ಟುತ್ತಿದ್ದಳು. ಮಾತು ಸರಿಬರದಿದ್ದರೆ ಕಲ್ಲು ನಿಲ್ಲಿಸಿ, ತುಟಿ ಕಚ್ಚಿ, ಬೇರೆ ಮಾತು ಹುಡುಕುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ, ಎಲ್ಲವೂ ಬಾಯಲ್ಲೇ. ಬಿಸಿ ಹಿಟ್ಟಿನ ವಾಸನೆ ಬಂದರೆ ನನಗೆ ಇವತ್ತಿಗೂ ಆಕೆಯ ದನಿ ಕೇಳುತ್ತದೆ.

‘ಗೂಟ ತಿರುವಿ ಅಂಗೈಗೆ ಗುಳ್ಳಿ ಎದ್ದಾವ, ಕಲ್ಲಿಗೇನು ಗೊತ್ತ ಕೈಯ ಉರಿ’ ಎಂಬ ಪದ ಆಕೆ ಕಟ್ಟಿದ್ದು. ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರಬೇಕೆಂಬುದು ನಮ್ಮ ಕಡೆಯ ಭಜನೆಯ ಪದಗಳ ರೂಢಿ. ಬೀಸುವ ಪದಕ್ಕೆ ಯಾರೂ ಹೆಸರು ಹಾಕುವುದಿಲ್ಲ. ಅಕ್ಕ ಹಾಕಿದಳು, ತನ್ನದೇ. ಹಾಕಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಡುವಿನ ಬಾಗಿಲಾಚೆ ಪಡಸಾಲೆಯಲ್ಲಿ ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ.

ಹುಣ್ಣಿಮೆಯ ಸಂಜೆ ಗೌಡರ ಅಂಗಳಕ್ಕೆ ಜೇವರ್ಗಿ ಕಡೆಯ ಭಜನೆ ಮೇಳ ಬಂದಿತ್ತು. ಊದುಬತ್ತಿಯ ಹೊಗೆ, ತಾಳದ ಸಪ್ಪಳ. ನಮ್ಮೂರ ಪರವಾಗಿ ಅಪ್ಪ ಏಕತಾರಿ ಹಿಡಿದು ಎದ್ದು ಅದೇ ಪದ ಎತ್ತಿಕೊಂಡ. ಬಾಗಿಲ ಮರೆಯಲ್ಲಿ ಹೆಂಗಸರ ನಡುವೆ ನಿಂತಿದ್ದ ಅಕ್ಕನನ್ನು ನಾನು ತಿವಿದೆ. ಆಕೆಯ ಮುಖ ಬೆಳಗಿತ್ತು. ಕೊನೆಯ ನುಡಿ ಬಂತು. ಅಕ್ಕನ ಹೆಸರಿದ್ದ ಜಾಗದಲ್ಲಿ ಅಪ್ಪನ ಹೆಸರಿತ್ತು.

ಮೇಳದ ಹಿರಿಯರು ಅಪ್ಪನ ಹೆಗಲಿಗೆ ಶಾಲು ಹೊದಿಸಿದರು. ಬೀಸುವ ಕಲ್ಲೆಂದರೆ ಸಂಸಾರ, ಗುಳ್ಳೆಯೆಂದರೆ ಪಾಪ ಎಂದು ಮಂದಿಗೆ ಅರ್ಥ ಬಿಡಿಸಿ ಹೇಳಿದರು. ಅಕ್ಕ ತನ್ನ ಅಂಗೈ ನೋಡಿಕೊಂಡಳು. ಅಲ್ಲಿದ್ದದ್ದು ಗುಳ್ಳೆಯೇ. ಪಕ್ಕದ ಮುದುಕಿ ನನ್ನ ಗಲ್ಲ ಹಿಡಿದು, ಎಂಥಾ ಅಪ್ಪನ ಮಗಳು ನೀನು ಎಂದಳು. ನಾಚಿಕೆಯಿಂದ ನಾನು ಹಿಡಿಯಷ್ಟಾದೆ.

ಮನೆಗೆ ಬಂದು ರೊಟ್ಟಿ ಬಡಿಸುವಾಗ ಅಕ್ಕ ತಲೆ ತಗ್ಗಿಸಿಕೊಂಡೇ ಕೇಳಿದಳು. “ಯಪ್ಪಾ, ಆ ಪದ ನಂದಲ್ಲೇನು?”

ಅಪ್ಪ ತಾಟಿನಿಂದ ಕಣ್ಣೆತ್ತಲಿಲ್ಲ. “ಹೆಣ್ಮಕ್ಕಳ ಹೆಸರು ಭಜನ್ಯಾಗ ತಗೊಂಡ್ರ ಮಂದಿ ನಗ್ತಾರ. ಮನೀ ಪದ ಮನ್ಯಾಗೇ ಉಳೀತು. ನಿಂದೇನು, ನಂದೇನು?”

ಅವನಿಗೂ ನಾಚಿಕೆಯಾಗಿತ್ತು, ಅದಕ್ಕೇ ದನಿ ಏರಿಸಿದ. ದಣಿದು ಬಂದಾನೆ, ಉಣ್ಣಲಿ ಬಿಡು ಎಂದು ಅವ್ವ ಅಕ್ಕನನ್ನೇ ಗದರಿಸಿದಳು.

“ಇನ್ ನಾ ಕಟ್ಟೂದಿಲ್ಲ,” ಎಂದಳು ಅಕ್ಕ. “ಸುಮ್ನ ಬೀಸ್ತೇನಿ.”

ಮೊಮ್ಮಕ್ಕಳೇ, ನಿಮ್ಮ ಮನೆಯ ಹುಡುಗಿ ಕವಿತೆ ಬರೆದು ಮೊಬೈಲಿಗೆ ಹಾಕುತ್ತಾಳೆ. ಕೆಳಗೆ ಆಕೆಯ ಹೆಸರು ಇರುತ್ತದೆ, ಫೋಟೋ ಸಹಿತ. ಒಳ್ಳೆಯದು. ಆದರೆ ಮೊನ್ನೆ ನೀವೇ ಗಂಡುಹುಡುಗರು ಸೇರಿ, ಇದನ್ನ ಯಾರ ಕಡೆ ಬರೆಸಿಕೊಂಡಿ ಎಂದು ಆಕೆಯನ್ನು ಕಾಡಿದಿರಿ. ನಿಮ್ಮಪ್ಪ ಕೇಳಿಸಿಕೊಂಡು ನಕ್ಕ. ಗಿರಣಿ ಬಂತು, ಫೋನು ಬಂತು, ಆ ಮಾತು ಮಾತ್ರ ಹೋಗಲಿಲ್ಲ. ಆವತ್ತು ಅಪ್ಪನ ಬಗ್ಗೆ ಆದ ನಾಚಿಕೆಯೇ ಮೊನ್ನೆ ನಿಮ್ಮ ಬಗ್ಗೆ ಆಯಿತು.

ಭಜನೆಯ ಮರುದಿನ ಬೆಳಿಗ್ಗೆ ಅಕ್ಕ ಬಾಯಿ ಬಿಗಿದು ಬೀಸತೊಡಗಿದಳು. ಬರೀ ಕಲ್ಲಿನ ಗರಗರ. ನಾನು ಎದ್ದೆ. ನಡುವಿನ ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಸಂದಿಗೆ ನಾನು ಹೊದೆಯುವ ಕೌದಿ ತುರುಕಿದೆ. ಬಂದು ಗೂಟ ಹಿಡಿದು, “ಈಗ ಕಟ್ಟು ಬೇ ಯಕ್ಕಾ,” ಎಂದೆ.