ಸ್ಟ್ಯಾಂಡ್ ಮಾಮನ ಐಎಸ್‌ಒ

ಫೋಟೋ ಸ್ಟುಡಿಯೋ ಇಟ್ಟಿರುವ ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ಕರೆಯುವುದು ಸ್ಟ್ಯಾಂಡ್ ಮಾಮ ಎಂದು. ಆದರೆ ಅವರು ಸ್ಟುಡಿಯೋದ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎಂದೂ ಕ್ಯಾಮೆರಾ ಇಟ್ಟವರಲ್ಲ. ಅದು ಕೈ ನಡುಗುವವರಿಗೆ, ನನ್ನ ಕೈಯೇ ಸ್ಟ್ಯಾಂಡ್ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಪಾಪ, ಸ್ಟ್ಯಾಂಡು ಛತ್ರಿ, ಕೋಟುಗಳನ್ನು ಹೊತ್ತು ಮೂಲೆ ಹಿಡಿದಿತ್ತು.

ಇಷ್ಟು ವರ್ಷ ಕಂಡವರ ಮುಖಕ್ಕೆಲ್ಲ ದೀಪ ಹಿಡಿದ ಚಿಕ್ಕಮ್ಮನದೇ ಒಂದು ಫೋಟೋ ಸ್ಟುಡಿಯೋದ ಗೋಡೆಯ ಮೇಲಿರಲಿಲ್ಲ. ಒಂದು ಭಾನುವಾರ ಕಡು ನೇರಳೆ ಶಾಲು ಹೊದ್ದು ಬಂದು ಕೂತರು. ದೀಪ ಕಣ್ಣಿಗೆ ಚುಚ್ಚುತ್ತದೆ, ಕಿಟಕಿಯ ಬೆಳಕೇ ಸಾಕು ಎಂದರು.

ಚಿಕ್ಕಪ್ಪ ಐಎಸ್‌ಒ ಎಂಬ, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎನ್ನುವ ಸಂಖ್ಯೆಯನ್ನು ನೂರಕ್ಕಿಟ್ಟು ತೆಗೆದರು. ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ನೇರಳೆ ನೇರಳೆಯಾಗಿಯೇ ಬಂದಿತ್ತು, ಚಿಕ್ಕಮ್ಮನಿಗೆ ಮಾತ್ರ ಎರಡು ಮೂಗು. ಆರು ಸಾವಿರದ ನಾನೂರಕ್ಕೆ ಏರಿಸಿದರು. ಮೂಗು ಒಂದಾಯಿತು, ಆದರೆ ಶಾಲು ಹತ್ತು ಸಲ ಒಗೆದಂತೆ ಮಾಸಿ, ಕೆನ್ನೆಯ ತುಂಬ ಬಣ್ಣಬಣ್ಣದ ಮರಳು. ಎಂಟುನೂರಕ್ಕೆ ಇಳಿಸಿದರೆ ಅರ್ಧ ಮರಳು, ಒಂದೂವರೆ ಮೂಗು. ಅತ್ತ ದರಿ, ಇತ್ತ ಪುಲಿ.

ಚಿಕ್ಕಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಸಂಖ್ಯೆ ಕಡಿಮೆಯಿದ್ದರೆ ಬಣ್ಣ ಚೆನ್ನ, ಆದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ಬಿಟ್ಟಿರಬೇಕು, ಅಷ್ಟರಲ್ಲಿ ಏನಾದರೂ ಅಲ್ಲಾಡಿದರೆ ಚಿತ್ರ ಕದಡುತ್ತದೆ. ಹೆಚ್ಚಿದ್ದರೆ ತಟ್ಟನೆ ಮುಗಿಯುತ್ತದೆ, ಬಣ್ಣ ಕೆಡುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಹಿಂದೆ ಇದೇ ಕಿಟಕಿ, ಇದೇ ನೂರರಲ್ಲಿ ರೆಪ್ಪೆಗೂದಲು ಎಣಿಸಬಹುದಾಗಿತ್ತು. ಈಗೇನಾಯಿತು? ಲೆನ್ಸ್ ಒರೆಸಿದರು, ಬ್ಯಾಟರಿ ಬದಲಿಸಿದರು, ಕುರ್ಚಿ ಅಲ್ಲಾಡುತ್ತಿದೆ ಎಂದು ಕಾಲಿನಡಿ ರಟ್ಟು ತುರುಕಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಛೇಡಿಸಿದೆ. ಕೊನೆಗೆ ಹೆಂಡತಿಯನ್ನೇ ಗದರಿದರು.

"ಸ್ವಲ್ಪ ಉಸಿರು ಹಿಡ್ಕೋ. ನೀನೇ ಅಲ್ಲಾಡ್ತಿದ್ದೀಯ."

ಚಿಕ್ಕಮ್ಮ ಎದ್ದು ಪಕ್ಕಕ್ಕೆ ಸರಿದರು. "ಬರೀ ಕುರ್ಚೀದೇ ಫೋಟೋ ತೆಗೀರಿ. ಅದಂತೂ ಉಸಿರಾಡಲ್ಲ."

ಐಎಸ್‌ಒ ನೂರರಲ್ಲೇ ತೆಗೆದರು. ಪರದೆಯ ಮೇಲೆ ಕುರ್ಚಿಗೆ ಏಳೆಂಟು ಕಾಲು.

ಚಿಕ್ಕಪ್ಪ ಬಲಗೈಯನ್ನು ಬೆಳಕಿಗೆ ಹಿಡಿದು, ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಇದು ಯಾವಾಗಿನಿಂದ ಎಂದು ಕೇಳಿದರು.

"ಹೋದ ವರ್ಷದಿಂದ. ನಿಮ್ಮ ಶರ್ಟಿನ ಗುಂಡಿ ನಾನು ಹಾಕ್ತಿರೋದು ಯಾಕೆ ಅಂದ್ಕೊಂಡ್ರಿ?"

"ಪ್ರೀತಿ ಅಂದ್ಕೊಂಡಿದ್ದೆ."

ಚಿಕ್ಕಮ್ಮ ಮೂಲೆಗೆ ಹೋಗಿ ಛತ್ರಿ, ಕೋಟುಗಳನ್ನು ಕೆಳಗಿಟ್ಟು, ಸ್ಟ್ಯಾಂಡನ್ನು ಎಳೆದು ತಂದು ಅವರ ಮುಂದೆ ನಿಲ್ಲಿಸಿದರು. ಶಾಲು ಸರಿಮಾಡಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು.

"ಈಗ ತೆಗೀರಿ. ನಾನು ಉಸಿರಾಡ್ತಾನೇ ಇರ್ತೀನಿ."