ಓಬಕ್ಕ ಬಿಸಾಡದ ಹೊಟ್ಟು

ಕೋವಿಡ್ ತಣ್ಣಗಾದ ಮರುವರ್ಷ ನಾನು ಚಳ್ಳಕೆರೆ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಮೊಳಕಾಲ್ಮೂರಿನ ಶಿಲ್ಪಾ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ದೇಹದಲ್ಲಿ ರಕ್ತನಾಳಗಳ ಜೊತೆಗೇ ದುಗ್ಧರಸ (ಲಿಂಫ್) ಹರಿಯುವ ಸಣ್ಣ ನಾಳಗಳೂ ಇವೆ. ಅವುಗಳ ಒಳಗೋಡೆಯ ಕೋಶಗಳನ್ನು ಇಲಿಯ ಚರ್ಮದಿಂದ ಬಿಡಿಸಿ ತಟ್ಟೆಯಲ್ಲಿ ಬೆಳೆಸುವುದು ಅವಳ ಕೆಲಸ. ಎರಡು ಸಲ ಕೆಟ್ಟಿತ್ತು. ಅನುಮತಿ ಸಿಕ್ಕಿದ್ದ ಇಲಿಗಳಲ್ಲಿ ಇದೇ ಕೊನೆಯ ತಂಡ. ಈಗಲೂ ಕೈಕೊಟ್ಟರೆ ಪ್ರಬಂಧದ ಮುಖ್ಯ ಅಧ್ಯಾಯವೇ ಇಲ್ಲ.

ಚರ್ಮವನ್ನು ಸಣ್ಣಗೆ ಹೆಚ್ಚಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಬೆಚ್ಚಗಿಟ್ಟರೆ ಕೋಶಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ಆರಿಸುವ ಕೆಲಸ. ಒಂದು ಬಗೆಯ ಕೋಶವನ್ನಷ್ಟೇ ಹಿಡಿಯುವ ಆಂಟಿಬಾಡಿ ಲೇಪಿಸಿದ ಸಣ್ಣ ಕಾಂತೀಯ ಮಣಿಗಳನ್ನು ಬೆರೆಸಿ ಟ್ಯೂಬನ್ನು ಅಯಸ್ಕಾಂತಕ್ಕೆ ಆನಿಸಿದರೆ, ಮಣಿ ಹಿಡಿದ ಕೋಶಗಳು ಟ್ಯೂಬಿನ ಗೋಡೆಗೆ ಅಂಟುತ್ತವೆ, ಉಳಿದವು ದ್ರವದಲ್ಲಿರುತ್ತವೆ. ಮೊದಲ ಸುತ್ತಿನಲ್ಲಿ ಅಂಟುವುದು ಬಿಳಿ ರಕ್ತಕಣ, ನಮಗೆ ಬೇಡದ್ದು. ಉಳಿದ ದ್ರವಕ್ಕೆ ಎರಡನೆಯ ಸುತ್ತಿನಲ್ಲಿ ಬೇರೆ ಮಣಿ. ಆಗ ಅಂಟುವುದೇ ಬೇಕಾದ್ದು. ಬೇಕಾದ್ದಕ್ಕೆ ಕಾಳು, ಬೇಡದ್ದಕ್ಕೆ ಹೊಟ್ಟು ಎನ್ನುವುದು ನಮ್ಮ ಬೆಂಚಿನ ಮಾತು.

ಅವತ್ತು ಶಿಲ್ಪಾ ಎರಡನೆಯ ಸುತ್ತಿನಲ್ಲೂ ದ್ರವವನ್ನೇ ಕಾಳೆಂದುಕೊಂಡು ತಟ್ಟೆಗೆ ಹಾಕಿದಳು. ಖಾಲಿಯಂತೆ ಕಂಡ ಟ್ಯೂಬನ್ನು "ಹೊಟ್ಟು, ಓಬಕ್ಕ" ಎಂದು ಕೊಟ್ಟಳು. ನಮ್ಮ ಲ್ಯಾಬಿನ ಸಹಾಯಕಿ ಓಬಕ್ಕ ತಳಕಿನ ಕಡೆಯ ಕುರಿ ಸಾಕುವ ಮನೆಯವರು.

ಸ್ವಲ್ಪ ಹೊತ್ತಿಗೆ ನಾನು ಮೈಕ್ರೋಸ್ಕೋಪಿನಲ್ಲಿ ತಟ್ಟೆ ನೋಡಿದೆ. ಸಾಸಿವೆ ಮೆತ್ತಿದಂತೆ ಮಣಿ ಅಂಟಿರಬೇಕಾದ ಕೋಶಗಳು ಬೋಳುಬೋಳಾಗಿದ್ದವು.

"ಶಿಲ್ಪಾ, ತಟ್ಟೇಲಿರೋದೇ ಹೊಟ್ಟು ಕಣಮ್ಮ."

ಅವಳು ಬಗ್ಗಿ ನೋಡಿ ಅಳತೊಡಗಿದಳು. "ಅಯ್ಯೋ ದೇವುಡಾ. ಕಾಳು ಬಿಸಾಕಿಸಿಬಿಟ್ಟೆ."

"ಯಾರು ಬಿಸಾಕಿದ್ರು?" ಸಿಂಕಿನ ಕಡೆಯಿಂದ ಓಬಕ್ಕ ಕೇಳಿದರು. "ಐಸ್‌ನಾಗೆ ಐತೆ. ಒಣಗೀತು ಅಂತ ಕೋಶ ಬೆಳೆಸೋ ನೀರು, ಆ ಮೀಡಿಯಾನೂ ಒಂಚೂರು ಹಾಕೀನಿ."

"ಹೊಟ್ಟು ಅಂದಿದ್ನಲ್ಲಕ್ಕ?"

"ಅದಕ್ಕೇ ಇಟ್ಟೀನಿ. ಶೇಂಗಾ ಹೊಟ್ಟು ಬಿಸಾಕಿದ್ರೆ ನಮ್ಮ ಕುರಿ ಏನು ನಿನ್ನ ಪುಸ್ತಕ ತಿಂತಾವಾ?"

ಶಿಲ್ಪಾ ಅಳುತ್ತಲೇ ನಕ್ಕಳು. ಆ ಟ್ಯೂಬಿನ ಕೋಶಗಳನ್ನು ಹೊಸ ತಟ್ಟೆಗೆ ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟೆವು. ವಾರ ಕಳೆಯುವಷ್ಟರಲ್ಲಿ ಅವು ಚಪ್ಪಡಿ ಹಾಸಿದಂತೆ ಒಂದಕ್ಕೊಂದು ಭುಜ ತಾಗಿಸಿ ಹರಡಿಕೊಂಡವು. ಅಧ್ಯಾಯ ಉಳಿಯಿತು. ತಟ್ಟೆಯ ಮುಚ್ಚಳದ ಮೇಲೆ ಶಿಲ್ಪಾ ಮಾರ್ಕರಿನಲ್ಲಿ "ಓಬಕ್ಕನ ಹೊಟ್ಟು" ಎಂದು ಬರೆದಳು.

ಯಾವುದು ಕಾಳು, ಯಾವುದು ಹೊಟ್ಟು ಎಂದು ಮೈಕ್ರೋಸ್ಕೋಪ್ ಹೇಳುವ ತನಕ ಯಾವುದನ್ನೂ ಕೈಬಿಡಬಾರದೆಂದು ಈ ಕೆಲಸ ನನಗೆ ಕಲಿಸಿದೆ. ಈಗ ನಮ್ಮ ಐಸ್ ಡಬ್ಬಿಯಲ್ಲಿ ಹೊಟ್ಟಿಗೂ ಒಂದು ಜಾಗವಿದೆ.