ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕೊರಿಯಾದ ಕಾನೂನು

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಎಂಬತ್ತರ ದಶಕದ ಆರಂಭ, ಜನವರಿಯ ಚಳಿ. ಪಕ್ಕದಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡು ಕುಳಿತಿದ್ದವರು ಕೊರಿಯಾ ದೇಶದ ಹಾನ್ ಎಂಬ ಹೆಂಗಸು. ಸೋಲ್ ನಗರದಲ್ಲಿ ಅಧ್ಯಾಪಕಿ. ಅವರ ದೇಶದಲ್ಲಿ ರಾಜರ ಕಾಲದ ಸಾಮಾನ್ಯ ಹೆಂಗಸರು ಹೇಗೆ ಬದುಕುತ್ತಿದ್ದರು ಎನ್ನುವುದೇ ಅವರ ಅಧ್ಯಯನ. ನಾನು ಇತಿಹಾಸ ಪಾಠ ಹೇಳುವ ಕಾಲೇಜಿನ ವಿಚಾರಸಂಕಿರಣಕ್ಕೆ ಬಂದಿದ್ದರು. ಅದು ಮುಗಿದ ಮೇಲೆ ಅವರಿಗೆ ಮೂರು ದಿನ ಬಿಡುವಿತ್ತು. ಮಲೆನಾಡು ತೋರಿಸಿಕೊಂಡು ಬನ್ನಿ ಎಂದು ಪ್ರಿನ್ಸಿಪಾಲರು ಅವರನ್ನು ನನ್ನ ತಲೆಗೆ ಕಟ್ಟಿದರು. ಕಾರು ಕೊಡುತ್ತಾರೇನೋ ಎಂದು ಆಸೆಪಟ್ಟಿದ್ದೆ. ಕೊಟ್ಟದ್ದು ಬಸ್ಸಿನ ಖರ್ಚು, ಅದೂ ವಾಪಸು ಬಂದು ಟಿಕೆಟ್ ತೋರಿಸಿದ ಮೇಲೆ.

ಹಾನ್ ಅವರ ಮುಖ ಕಂಡವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಕಂಡಕ್ಟರಂತೂ ಟಿಕೆಟ್ ಹರಿಯುವ ಮೊದಲೇ, "ಸ್ವೆಟರ್ ಮಾರೋರಾ ಮೇಡಂ? ಲಗೇಜ್ ಎಲ್ಲಿಟ್ಟಿದೀರಿ?" ಎಂದ. ಟಿಬೆಟಿನವರಲ್ಲ, ಕೊರಿಯಾದವರು ಎಂದೆ. "ಯಾವುದಾದ್ರೂ ಆಗ್ಲಿ, ಒಂದು ಕಂದು ಬಣ್ಣದ್ದು ಬೇಕಿತ್ತು" ಎಂದು ಬೇಸರದಿಂದ ಮುಂದೆ ಹೋದ.

ಸಾಗರದಲ್ಲಿ ಚೀಲ ಇಟ್ಟು ಮಧ್ಯಾಹ್ನಕ್ಕೆ ವರದಮೂಲಕ್ಕೆ ಹೋದೆವು. ಅಲ್ಲಿ ನನ್ನ ಗೆಳತಿಯ ಅಕ್ಕ ಸುಮಿತ್ರಕ್ಕನ ಮನೆಯಲ್ಲಿ ಊಟ. ವರದೆ ಹುಟ್ಟುವ ಕೊಳದಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಪರದೇಶದವರನ್ನು ನೋಡಲು ಅಕ್ಕಪಕ್ಕದ ಹೆಂಗಸರು ಜಗಲಿ ತುಂಬ ಸೇರಿದ್ದರು. ಹಾನ್ ಅವರು ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಪಲ್ಯದ ಹಾಗೆ ತಿಂದದ್ದು ನೋಡಿ ಎಲ್ಲರಿಗೂ ಅವರ ಮೇಲೆ ಪ್ರೀತಿ ಹುಟ್ಟಿತು. ಊಟವಾದ ಮೇಲೆ, ನಿಮ್ಮ ಕಡೆ ಹೆಂಗಸರದ್ದು ಹೇಗೆ ಎಂದು ಯಾರೋ ಕೇಳಿದರು. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕನ್ನಡ ಮಾಡಿದೆ.

ಅಲ್ಲಿ ಹಿಂದೆ ಉಳ್ಳವರ ಮನೆಯ ಹೆಂಗಸರು ಒಳಮನೆ ಬಿಟ್ಟು ಬರುವಂತಿರಲಿಲ್ಲ. ಬಡವರ ಹೆಂಗಸರು ಹಗಲು ಗದ್ದೆಯಲ್ಲಿ ದುಡಿದು, ರಾತ್ರಿ ನಾರಿನ ಬಟ್ಟೆ ನೇಯಬೇಕಿತ್ತು. ಏಳು ಕಾರಣಗಳಲ್ಲಿ ಯಾವುದೊಂದು ಸಿಕ್ಕರೂ ಗಂಡ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಬಹುದಿತ್ತು. ಅತ್ತೆ ಮಾವನ ಮಾತು ಕೇಳದಿದ್ದರೆ, ಗಂಡುಮಗು ಹೆರದಿದ್ದರೆ, ನಡತೆ ಕೆಟ್ಟರೆ, ಗಂಡನ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟರೆ, ಕೆಟ್ಟ ಕಾಯಿಲೆ ಬಂದರೆ, ಕದ್ದರೆ, ಮಾತು ಜಾಸ್ತಿಯಾದರೆ.

"ಎಂತದು, ಮಾತು ಜಾಸ್ತಿ ಆದ್ರೆ ಹೊರಗೆ ಹಾಕದಾ?" ಸುಮಿತ್ರಕ್ಕ ಬಾಯಿಯ ಮೇಲೆ ಕೈಯಿಟ್ಟಳು. "ಹಂಗಾದ್ರೆ ಎಂಗೊ ಹೆಂಗಸ್ರು ಒಬ್ರೂ ಮನೆ ಒಳಗೆ ಇರ್ತಿದ್ವಿಲ್ಲೆ!"

ಜಗಲಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕಾಯಿಲೆ ಬಂದರೂ ಹೊರಗೆ ಹಾಕುವುದೆಂದರೆ ಅದೆಂಥ ಜನ ಎಂದು ಮೈ ಉರಿಯಿತು. ಇಂಥ ಅನ್ಯಾಯವನ್ನು ಓದಿ ಓದಿಯೇ ಹಾನ್ ಅವರ ಕೂದಲು ನೆರೆತಿರಬೇಕು ಅಂದುಕೊಂಡೆ. ಸಾಗರಕ್ಕೆ ಮರಳುವ ದಾರಿಯಲ್ಲೂ ಅದನ್ನೇ ಹೇಳಿ ಹೇಳಿ ಅವರ ತಲೆ ತಿಂದೆ. ನಮ್ಮ ಕಡೆ ಇಷ್ಟು ಕೆಟ್ಟದ್ದಿಲ್ಲ ಎಂದು ಒಂದು ಮಾತು ಸೇರಿಸಿದೆ.

ಮರುದಿನ ಬೆಳಿಗ್ಗೆ ಹೊಸನಗರಕ್ಕೆ ಖಾಸಗಿ ಬಸ್ಸು. ದಾರಿಯುದ್ದಕ್ಕೂ ಕೆಂಧೂಳು, ಇಳಿದಾಗ ಹಾನ್ ಅವರ ಬಿಳಿ ಅಂಗಿ ನಮ್ಮೂರಿನ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ತೀರ್ಥಹಳ್ಳಿಯ ಬಸ್ಸು ಪಂಕ್ಚರ್ ಆಗಿ ನಿಂತಿದೆ, ಬರುವುದು ತಡ ಎಂದು ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಬನ್ಸ್ ಮತ್ತು ಕಾಫಿ ತರಿಸಿದೆ. ಬನ್ಸ್ ಬಿಸಿಯಾಗಿತ್ತು, ಕಾಫಿ ಬರೀ ಬೆಲ್ಲದ ನೀರು.

ಎದುರು ಬೆಂಚಿನಲ್ಲಿ ನಲವತ್ತರ ಹತ್ತಿರದ ಒಬ್ಬ ಹೆಂಗಸು, ಅವಳ ಜೊತೆಗೆ ಇಪ್ಪತ್ತೇಳೆಂಟರ ಒಬ್ಬ ಗಂಡಸು ಕುಳಿತಿದ್ದರು. ಕಾಲ ಬಳಿ ಒಂದು ತಗಡಿನ ಟ್ರಂಕು. ನಿಟ್ಟೂರಿನ ಬಸ್ಸಿನಲ್ಲಿ ಬಂದಿಳಿದವರು, ಅವರೂ ತೀರ್ಥಹಳ್ಳಿಗೇ ಹೊರಟವರು. ಹೆಂಗಸು ಹಾನ್ ಅವರನ್ನು ಕಣ್ಣು ಮಿಟುಕಿಸದೆ ನೋಡಿ, "ಇವ್ರು ಎಲ್ಲಿಯೋರಮ್ಮ?" ಎಂದು ಕೇಳಿದಳು. ಹೇಳಿದೆ. ಹಾನ್ ಅವರು ಅವಳ ಹೆಸರು ಕೇಳಿದರು.

ಉತ್ತರ ಕೊಟ್ಟವನು ಜೊತೆಗಿದ್ದವನು. "ಹಲಸಿನಬೈಲಮ್ಮ ಅಂತಾರೆ. ನಮ್ಮ ಅತ್ತಿಗೆ. ನಾನು ಮೈದ್ನ, ಮಂಜಪ್ಪ."

ಹಲಸಿನಬೈಲು ಅವಳ ತವರೂರು, ನಮ್ಮಲ್ಲಿ ಸೊಸೆಯನ್ನು ತವರಿನ ಹೆಸರಿನಿಂದ ಕರೆಯುತ್ತಾರೆ ಎಂದು ನಾನು ವಿವರಿಸಿದೆ. ಹಾನ್ ಅವರು ಕಾಫಿ ಲೋಟ ಕೆಳಗಿಟ್ಟರು. ಅವರಲ್ಲೂ ಹಾಗೆಯೇ ಇತ್ತಂತೆ. ಮದುವೆಯಾದ ಮೇಲೆ ಹೆಣ್ಣು ಇಂಥ ಊರಿನಿಂದ ಬಂದವಳು, ಅಷ್ಟೆ. ಅವಳ ಸ್ವಂತ ಹೆಸರು ಮರೆತೇಹೋಗುತ್ತಿತ್ತು. ಈಕೆಯ ಸ್ವಂತ ಹೆಸರೇನು ಎಂದು ಕೇಳಿ ಎಂದರು.

ಹೆಂಗಸು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅದನ್ನ ಕರೆಯೋರು ಯಾರಿದಾರಮ್ಮ? ಭವಾನಿ."

"ಹೌದಾ ಅತ್ತಿಗೆ?" ಎಂದ ಮಂಜಪ್ಪ. "ನಂಗೆ ಗೊತ್ತೇ ಇರ್ಲಿಲ್ಲ."

ಅವಳ ಸೊಂಟದ ಮೇಲೆ ಬೆಳೆದವನು ಅವನು. ಅವಳು ಸೊಸೆಯಾಗಿ ಬಂದಾಗ ಅವನಿಗೆ ಐದಾರು ವರ್ಷವಂತೆ. ಅವಳ ಕೈಯ ಅನ್ನ ಉಂಡು ಇಷ್ಟು ದೊಡ್ಡವನಾದವನಿಗೆ ಅವಳ ಹೆಸರು ಗೊತ್ತಿಲ್ಲ! ನಿನ್ನೆ ನಾನು ಸೇರಿಸಿದ ಆ ಒಂದು ಮಾತು ನೆನಪಾಗಿ ಕಿವಿ ಬಿಸಿಯಾಯಿತು.

"ಹಲಸಿನಬೈಲು ಎಲ್ಲಿ ಬರುತ್ತೆ?" ಎಂದು ಮಾತು ಬದಲಿಸಿದೆ.

"ಎಲ್ಲೂ ಬರಲ್ಲ. ಶರಾವತಿಗೆ ಕಟ್ಟೆ ಕಟ್ಟಿದ್ರಲ್ಲ, ನೀರಿನಡಿಗೆ ಹೋಯ್ತು. ನನ್ನ ಮದ್ವೆಯಾಗಿ ಸ್ವಲ್ಪ ವರ್ಷಕ್ಕೇ. ಅಪ್ಪ ಅವ್ವ ಆಮೇಲೆ ಬಾಳ ದಿನ ಬದುಕ್ಲಿಲ್ಲ." ಅವಳು ಟ್ರಂಕಿನ ಮೇಲೆ ಕೈಯಿಟ್ಟಳು. "ಈಗ ತೀರ್ಥಳ್ಳಿಗೆ ಹೊರಟಿದೀನಿ. ಅಲ್ಲಿ ಚಿಕ್ಕಮ್ಮನ ಮಗಳಿದಾಳೆ. ನಂಗೆ ಮಕ್ಕಳಾಗ್ಲಿಲ್ಲ ಅಂತ ನಮ್ಮನೆಯೋರು ಇನ್ನೊಂದು ಮದ್ವೆ ಮಾಡ್ಕಂತಾರಂತೆ. ಹೊಸೋಳು ಬರೋಕ್ಕೆ ಮುಂಚೆ ನನ್ನ ಬಿಟ್ಟು ಬಾ ಅಂತ ಇವ್ನಿಗೆ ಹೇಳಿದಾರೆ."

ಅದನ್ನು ಅವಳು ಹೇಳಿದ್ದು ಎಮ್ಮೆ ಮಾರಿದ ಸುದ್ದಿ ಹೇಳುವ ಹಾಗೆ. ಮಂಜಪ್ಪ ತಲೆ ತಗ್ಗಿಸಿ ಬನ್ಸ್ ಮುರಿಯುತ್ತಿದ್ದ. ನನಗೆ ಸಿಟ್ಟು ಬಂತು. "ಮೊದಲ ಹೆಂಡತಿ ಇರುವಾಗ ಇನ್ನೊಂದು ಮದುವೆ ಆಗೋ ಹಾಗೇ ಇಲ್ಲ. ಕಾನೂನಿದೆ. ನೀವು ಕೋರ್ಟಿಗೆ ಹೋಗಿ" ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದೆ.

"ಕೋರ್ಟಿಗೆ ಹೋಗಿ ಗೆದ್ರೆ, ಆಮೇಲೆ ಊಟ ಯಾರ ಮನೇಲಿ ಮಾಡ್ಲಿ ಅಮ್ಮ?"

ಹಾನ್ ಅವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅವಳ ಕಡೆ ತಿರುಗಿ, ನಿನ್ನೆ ಹೇಳದಿದ್ದ ಒಂದು ಸಂಗತಿ ಹೇಳಿದರು. ಆ ಏಳು ಕಾರಣಗಳಿಗೆ ಮೂರು ತಡೆಗಳಿದ್ದವಂತೆ. ಮೂರರಲ್ಲಿ ಯಾವುದೊಂದು ಇದ್ದರೂ ಗಂಡ ಹೆಂಡತಿಯನ್ನು ಕಳಿಸುವಂತಿಲ್ಲ. ಏಳು ಕಾರಣಗಳ ಸಂಗತಿಯನ್ನೂ ಸೇರಿಸಿ ನಾನು ಅದನ್ನು ಕನ್ನಡ ಮಾಡಿ ಹೇಳಿದೆ.

"ಯಾವುದು ಮೂರು?" ಹೆಂಗಸು ಬೆಂಚಿನ ತುದಿಗೆ ಸರಿದಳು.

ಅತ್ತೆ ಮಾವ ತೀರಿಹೋದಾಗ ಅವರ ಸಾವಿನ ಕರ್ಮಗಳನ್ನೆಲ್ಲ ಕೊನೆಯವರೆಗೂ ನಡೆಸಿದ ಸೊಸೆಯನ್ನು ಕಳಿಸುವಂತಿಲ್ಲ ಎಂದೆ.

"ಅತ್ತೆ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಳಿದೋಳು ನಾನು. ಸತ್ತ ಮೇಲೆ ವರ್ಷ ತುಂಬೋ ತನಕ ತಿಂಗಳು ತಿಂಗಳೂ ಎಡೆ ಇಟ್ಟೋಳು ನಾನು. ಹೌದೇನೋ ಮಂಜ?"

ನಾನು ಎರಡನೆಯದು ಹೇಳಿದೆ. ಮದುವೆಯ ಹೊತ್ತಿಗೆ ಬಡವಾಗಿದ್ದ ಮನೆ ಆಮೇಲೆ ಉಳ್ಳವರ ಮನೆಯಾಗಿದ್ದರೆ ಕಳಿಸುವಂತಿಲ್ಲ.

"ನಾ ಬಂದಾಗ ಗೇಣಿ ಗದ್ದೆ ಮಾಡ್ತಿದ್ರು. ಧಣಿ ಮನೆಗೆ ಭತ್ತ ಅಳೆದು ಮಿಕ್ಕಿದ್ದರಲ್ಲಿ ಗಂಜಿ. ಉಳುವೋನದೇ ಭೂಮಿ ಅಂತ ಆದ ಮೇಲೆ ಅದೇ ಗದ್ದೆ ನಮ್ಮ ಹೆಸರಿಗಾಯ್ತು. ಈಗ ಹೆಂಚಿನ ಮನೆ, ಪಂಪ್‌ಸೆಟ್ಟು. ಇನ್ನೊಂದು?"

ಮರಳಿ ಹೋಗಲು ತವರು ಇಲ್ಲದವಳನ್ನು ಕಳಿಸುವಂತಿಲ್ಲ.

ಅವಳು ಬೆಂಚಿನಿಂದ ಎದ್ದೇಬಿಟ್ಟಳು. "ಮೂರೂ ನಂಗಿದೆ!" ಎಂದಳು. ಆಮೇಲೆ ದನಿ ತಗ್ಗಿಸಿ ನನ್ನ ಕೈ ಹಿಡಿದು ಕೇಳಿದಳು. "ಈ ಕಾನೂನು ಹೊಸನಗರ ತಾಲ್ಲೂಕಿಗೆ ಬಂದಿದ್ಯಾ ಅಮ್ಮ?"

ನಿನ್ನೆ ಮಧ್ಯಾಹ್ನದಿಂದ ನಾನು ಯಾವುದಕ್ಕೆ ಮೈ ಉರಿದುಕೊಳ್ಳುತ್ತಿದ್ದೆನೋ ಅದನ್ನು ಈ ಹೆಂಗಸು ತನ್ನ ತಾಲ್ಲೂಕಿಗೆ ಬಂದಿದೆಯೇ ಎಂದು ಆಸೆಯಿಂದ ಕೇಳುತ್ತಿದ್ದಾಳೆ. ಸುಳ್ಳು ಹೇಳಲು ನಾಲಿಗೆ ತಿರುಗಲಿಲ್ಲ. ಅದು ಬೇರೆ ದೇಶದ್ದು, ರಾಜರ ಕಾಲದ್ದು, ಈಗ ಅಲ್ಲೂ ಇಲ್ಲ ಎಂದೆ.

"ಅಷ್ಟು ಹಳೇದಾ? ಹಂಗಾರೆ ಇನ್ನೂ ಗಟ್ಟಿ" ಎಂದಳು. "ನಮ್ಮನೆಯೋರಿಗೆ ಹೊಸ ಕಾನೂನು ಅಂದ್ರೆ ಮೂಗಿನ ತುದೀಲಿ ಸಿಟ್ಟು. ಹಿಂದಿನೋರು ಮಾಡಿದ್ದು ಅಂದ್ರೆ ಕೈ ಮುಗೀತಾರೆ."

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ. ಹಾನ್ ಅವರ ಕಣ್ಣಲ್ಲಿ ನೀರು ಬಂತು. ಈ ಕಾನೂನಿನ ಅಡಿಯಲ್ಲಿ ನಮ್ಮ ಅಜ್ಜಿಯರು ನಲುಗಿಹೋದರು ಎಂದು ಇಷ್ಟು ವರ್ಷ ಬರೆದೆ, ಇದು ತನಗೆ ಬೇಕು ಎಂದು ಒಬ್ಬಳು ಕೇಳುತ್ತಾಳೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದರು.

ಅಷ್ಟರಲ್ಲಿ ತೀರ್ಥಹಳ್ಳಿಯ ಬಸ್ಸು ಬಂತು. ಮಂಜಪ್ಪ ಟ್ರಂಕನ್ನು ಹೊತ್ತು ಏಣಿ ಹತ್ತಿ ಮೇಲೆ ಹಾಕಿದ. ಹಾನ್ ಅವರೂ ನಾನೂ ಹತ್ತಿ ಕುಳಿತೆವು. ಅವಳು ಮಾತ್ರ ಕೆಳಗೇ ನಿಂತಿದ್ದಳು.

"ಮಂಜ, ಟ್ರಂಕ್ ಇಳ್ಸು."

"ಅಣ್ಣಂಗೆ ಏನಂತ ಹೇಳೋದು ಅತ್ತಿಗೆ?"

"ನೀನೇನೂ ಹೇಳ್ಬೇಡ. ಹೌದೋ ಅಲ್ಲೋ ಅಂತ ಕೇಳಿದ್ರೆ, ಇದ್ದಿದ್ದು ಇದ್ದಂಗೆ ಹೇಳು."

ಕಂಡಕ್ಟರ್ ಹತ್ತೋದಾದ್ರೆ ಹತ್ತಿ ಎಂದು ರೇಗಿದ. ಮಂಜಪ್ಪ ಒಮ್ಮೆ ಬಸ್ಸನ್ನು, ಒಮ್ಮೆ ಅತ್ತಿಗೆಯನ್ನು ನೋಡಿ ಮತ್ತೆ ಏಣಿ ಹತ್ತಿದ. ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಅವರಿಬ್ಬರೂ ನಿಟ್ಟೂರಿನ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿದ್ದರು.

ತೀರ್ಥಹಳ್ಳಿಯಲ್ಲಿ ನೋಡುವುದು ಬೇಕಾದಷ್ಟಿತ್ತು. ತುಂಗೆಯಲ್ಲಿ ನೀರು ಇಳಿದು ಬಂಡೆಗಳು ಕಾಣುತ್ತಿದ್ದವು. ಸಂಜೆ ಪೇಟೆಯಲ್ಲಿ ಒಳ್ಳೆಯ ಕಡುಬು ಸಿಕ್ಕಿತು. ನಾನು ರುಚಿ ನೋಡಿದ್ದೇ ನೆನಪಿಲ್ಲ. ಅವಳನ್ನು ಗಂಡ ಹೊಡೆದಿದ್ದರೆ? ಒಂದು ಹಳೆಯ ಪರದೇಶದ ಮಾತನ್ನು ಕೈಗೆ ಕೊಟ್ಟು ಕಳಿಸಿಬಿಟ್ಟೆವಲ್ಲ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೂರನೆಯ ದಿನ ಬೆಳಿಗ್ಗೆ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ ಹೊಸನಗರದಿಂದ ಬಂದ ಬಸ್ಸಿನಿಂದ ಮಂಜಪ್ಪ ಇಳಿದ. ಒಬ್ಬನೇ. ನಾನು ಓಡಿಹೋಗಿ ಅವನ ತೋಳು ಹಿಡಿದೆ.

"ಚಿಕ್ಕಮ್ಮನ ಮಗಳಿಗೆ ಹೇಳಕ್ಕೆ ಬಂದೆ ಮೇಡಂ, ಅತ್ತಿಗೆ ಬರಲ್ಲ ಅಂತ" ಎಂದ. ಮನೆಗೆ ಹಿರಿಯರಾದ ಅವನ ದೊಡ್ಡಪ್ಪನ ಎದುರಿಗೇ ಅತ್ತಿಗೆ ಮೂರನ್ನೂ ಹೇಳಿದಳಂತೆ. ಅಣ್ಣ ನಕ್ಕನಂತೆ. ದೊಡ್ಡಪ್ಪ ನಗದೆ, ಹೌದೇನೋ ಎಂದು ಇವನನ್ನು ಕೇಳಿದರಂತೆ. "ಮೂರೂ ಹೌದು ಅಂದೆ. ಹಂಗಾರೆ ಅವ್ಳು ಎಲ್ಲೂ ಹೋಗಕೂಡ್ದು ಅಂದ್ರು."

"ಮದುವೆ ನಿಂತಿತಾ?"

"ಇಲ್ಲ ಮೇಡಂ. ಹೊಸೋಳೂ ಬರ್ತಾಳೆ, ಅತ್ತಿಗೆಯೂ ಇರ್ತಾರೆ."

ಹಾನ್ ಅವರಿಗೆ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡರು. ನಮ್ಮಲ್ಲೂ ಹೀಗೇ ಆಗುತ್ತಿತ್ತು. ಹೊರಗೆ ಹಾಕಲು ತಡೆ ಇತ್ತು, ಇನ್ನೊಬ್ಬಳನ್ನು ತರಲು ತಡೆ ಇರಲಿಲ್ಲ ಎಂದರು.

ಮಂಜಪ್ಪ ಹೋಗದೆ ನಿಂತೇ ಇದ್ದ. ಬಸ್‌ಸ್ಟ್ಯಾಂಡಿನಲ್ಲಿ ನಾವು ಸಿಕ್ಕರೆ ಒಂದು ವಿಷಯ ಕೇಳಿಕೊಂಡು ಬಾ ಎಂದು ಅತ್ತಿಗೆ ಹೇಳಿದ್ದಾಳಂತೆ. "ಹೆಂಗಸರನ್ನ ಹೊರಗೆ ಹಾಕಕ್ಕೆ ಏಳು ಕಾರಣ ಅಂದ್ರಲ್ಲ, ಗಂಡಸ್ರನ್ನ ಹೊರಗೆ ಹಾಕಕ್ಕೆ ಎಷ್ಟಿದೆ ಅಂತ."

ಹಾನ್ ಅವರಿಗೆ ಕೇಳಿದೆ. ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಸ್ಸು ಬಂದು ನಿಂತಿತ್ತು.

"ಒಂದೂ ಇಲ್ಲವಂತೆ" ಎಂದೆ ಮಂಜಪ್ಪನಿಗೆ.

ನಾವು ಹತ್ತಿ ಕುಳಿತೆವು. ಡ್ರೈವರ್ ಹಾರ್ನ್ ಹೊಡೆದ. ಮಂಜಪ್ಪ ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡ.

"ಹಂಗಂತ ಹೋಗಿ ಹೇಳಕ್ಕಾಗಲ್ಲ ಮೇಡಂ. ಗಂಡಸ್ರಿಗೂ ಏಳೇ ಇದೆ ಅಂತ ಹೇಳ್ತೀನಿ. ಯಾವ್ಯಾವು ಅಂತ ಅತ್ತಿಗೆಗೇ ಗೊತ್ತಿರತ್ತೆ."